ಕಾಫಿ ರಫ್ತಿನ ದಾಖಲೆಗಳು ಬ್ಲಾಕ್‌ಚೈನ್ ಮೇಲೆ: ಹನ್ನೊಂದರಲ್ಲಿ ನಿಜಕ್ಕೂ ಎಷ್ಟು ಬೇಕು?

ರಾಗಿಮುದ್ದೆ_ಡೆವ್

ಕಾಫಿ ರಫ್ತಿನ ದಾಖಲೆಗಳನ್ನು ಬ್ಲಾಕ್‌ಚೈನ್‌ಗೆ (ಹಲವರು ಹಂಚಿಕೊಂಡು ಇಡುವ, ಹಿಂದಿನದನ್ನು ತಿದ್ದಲಾಗದ ಲೆಡ್ಜರ್, ಅಂದರೆ ಲೆಕ್ಕದ ಪುಸ್ತಕ) ಹಾಕುವ ಒಂದು ಪೈಲಟ್‌ಗೆ, ಅಂದರೆ ಪ್ರಯೋಗಕ್ಕೆ, ಆರ್ಕಿಟೆಕ್ಚರ್ ಬರೆಯಬೇಕಿದೆ. ಸರಕು: 20 ಅಡಿ ಕಂಟೇನರ್ ಒಂದು, 60 ಕೆಜಿಯ 320 ಚೀಲ ಹಸಿ ಕಾಫಿ ಬೀಜ, ಒಟ್ಟು 19.2 ಟನ್. ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೋ) ಕಸ್ಟಮ್ಸ್, ಅಲ್ಲಿಂದ ರೈಲಲ್ಲಿ ಚೆನ್ನೈ, ಹಡಗಲ್ಲಿ ಸಿಂಗಪುರ. ಹಣ ಎಲ್‌ಸಿ ಮೇಲೆ (ಲೆಟರ್ ಆಫ್ ಕ್ರೆಡಿಟ್: ದಾಖಲೆ ಸರಿ ಇದ್ದರೆ ಹಣ ಕೊಡುತ್ತೇವೆ ಎಂಬ ಕೊಳ್ಳುವವರ ಬ್ಯಾಂಕಿನ ಭರವಸೆ).

ದಾಖಲೆ ಹನ್ನೊಂದು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ), ಬಿಲ್ ಆಫ್ ಲೇಡಿಂಗ್ (ಬಿಎಲ್, ಹಡಗು ಕಂಪನಿ ಕೊಡುವ ಸರಕಿನ ರಸೀದಿ), ಇನ್ಶೂರೆನ್ಸ್ ಸರ್ಟಿಫಿಕೇಟ್, ಸರ್ಟಿಫಿಕೇಟ್ ಆಫ್ ಒರಿಜಿನ್, ಕಾಫಿ ಬೋರ್ಡ್ ಕೊಡುವ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಸರ್ಟಿಫಿಕೇಟ್, ಫೈಟೋ (ಸಸ್ಯರೋಗ, ಕೀಟ ಇಲ್ಲ ಎಂಬ ಸರ್ಟಿಫಿಕೇಟ್), ಫ್ಯೂಮಿಗೇಶನ್, ತೂಕ-ಗುಣಮಟ್ಟದ ಸರ್ಟಿಫಿಕೇಟ್, ಬಿಲ್ ಆಫ್ ಎಕ್ಸ್‌ಚೇಂಜ್ (ಇಷ್ಟು ಹಣ ಕೊಡಿ ಎಂಬ ಲಿಖಿತ ಆದೇಶ). ಗ್ರಾಹಕರ ಬೇಡಿಕೆ ಒಂದೇ ಸಾಲಿನದು, "ಎಲ್ಲವನ್ನೂ ಚೈನ್ ಮೇಲೆ ಹಾಕಿ". ಹೈಪರ್‌ಲೆಡ್ಜರ್ ಫ್ಯಾಬ್ರಿಕ್ (ಅನುಮತಿ ಪಡೆದವರಷ್ಟೇ ಸೇರುವ ಚೈನ್) ಸಾಕೇ, ಯಾರು ಬೇಕಾದರೂ ಸೇರಬಹುದಾದ ಪಬ್ಲಿಕ್ ಚೈನ್ ಬೇಕೇ? ಗೊತ್ತಿರುವವರು ಹೇಳಿ.

ಎಲ್‌ಸಿ_ಡೆಸ್ಕ್

ಮೊದಲು ಆ ಹನ್ನೊಂದನ್ನು ಎರಡು ರಾಶಿ ಮಾಡಿ. ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆ: "ಇದರಲ್ಲಿ ಏನು ಬರೆದಿದೆ" ಅನ್ನೋದು ಮುಖ್ಯವೋ, "ಇದು ಈಗ ಯಾರ ಕೈಲಿದೆ" ಅನ್ನೋದು ಮುಖ್ಯವೋ?

ಫೈಟೋ ಸರ್ಟಿಫಿಕೇಟಿನ ಹತ್ತು ಪ್ರತಿ ಹತ್ತು ಜನರ ಹತ್ತಿರ ಇದ್ದರೂ ಯಾರಿಗೂ ನಷ್ಟವಿಲ್ಲ. ಕೊಟ್ಟವರು ಯಾರು, ತಿದ್ದಿದ್ದಾರಾ ಅಂತ ಗೊತ್ತಾದರೆ ಸಾಕು. ಅದಕ್ಕೆ ಡಿಜಿಟಲ್ ಸಹಿ ಸಾಕು, ಲೆಡ್ಜರ್ ಬೇಡ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಒರಿಜಿನ್, ಫ್ಯೂಮಿಗೇಶನ್ ಎಲ್ಲ ಇದೇ ರಾಶಿ. ಶಿಪ್ಪಿಂಗ್ ಬಿಲ್ ಹೇಗೂ ಐಸ್‌ಗೇಟ್‌ನಲ್ಲಿ (ಕಸ್ಟಮ್ಸ್ ಪೋರ್ಟಲ್) ಹುಟ್ಟುತ್ತೆ, ಅದನ್ನು ಇನ್ನೊಂದು ಕಡೆ ನಕಲು ಮಾಡಿದರೆ ಎರಡು ಸತ್ಯ ಸಾಕಬೇಕಾಗುತ್ತೆ.

ಬಿಲ್ ಆಫ್ ಲೇಡಿಂಗ್ ಬೇರೆ ಜಾತಿ. ಒರಿಜಿನಲ್ ಯಾರ ಕೈಲಿದೆಯೋ ಅವರಿಗೆ ಸರಕು. ಸಾಮಾನ್ಯವಾಗಿ ಮೂರು ಒರಿಜಿನಲ್ ಹೊರಡಿಸುತ್ತಾರೆ; ಒಂದನ್ನು ಒಪ್ಪಿಸಿ ಸರಕು ಬಿಡಿಸಿಕೊಂಡರೆ ಉಳಿದೆರಡು ರದ್ದಿ. ಅದಕ್ಕೇ ಬ್ಯಾಂಕ್ ಮೂರಕ್ಕೆ ಮೂರೂ ಕೇಳೋದು. ಪಿಡಿಎಫ್ ಮಾಡಿದ ತಕ್ಷಣ ಈ "ಒಬ್ಬರ ಕೈಲಿ ಮಾತ್ರ" ಅನ್ನುವ ಗುಣ ಸಾಯುತ್ತೆ. ಲೆಡ್ಜರ್‌ನ ಕೆಲಸ ಅದನ್ನು ವಾಪಸ್ ತರೋದು. ನಿಮ್ಮ ಪಟ್ಟಿಯಲ್ಲಿ ಆ ಗುಣ ಬೇಕಿರೋದು ಬಿಎಲ್‌ಗೆ, ಬಿಲ್ ಆಫ್ ಎಕ್ಸ್‌ಚೇಂಜ್‌ಗೆ. ಇನ್ಶೂರೆನ್ಸ್ ಸರ್ಟಿಫಿಕೇಟನ್ನೂ ಎಂಡಾರ್ಸ್ ಮಾಡಿ (ಹಿಂಬದಿಗೆ ಸಹಿ ಹಾಕಿ) ದಾಟಿಸುತ್ತಾರೆ, ಹಾಗಾಗಿ ಅದು ಗಡಿಯ ಮೇಲೆ ಕೂತಿದೆ. ಹನ್ನೊಂದರಲ್ಲಿ ಎರಡು, ಎರಡೂವರೆ ಅನ್ನಿ.

ವೈಟ್‌ಫೀಲ್ಡ್_ಗೇಟ್2

+1. ಎಲ್ಲಿ ನೋವಿದೆಯೋ ಅಲ್ಲಿ ಮುಲಾಮು ಹಚ್ಚಿ. ಚೆನ್ನೈಯಿಂದ ಸಿಂಗಪುರಕ್ಕೆ ನೇರ ಹಡಗಾದ್ರೆ ಒಂದು ವಾರದ ಆಚೀಚೆ. ಕಾಗದದ ಲೆಕ್ಕ ನೋಡಿ: ಹಡಗು ಹೊರಟ ಮೇಲೆ ಬಿಎಲ್ ಬಿಡುಗಡೆ, ಅದು ಬೆಂಗಳೂರಿಗೆ ಬರ್ಬೇಕು, ರಫ್ತುದಾರ ಸೆಟ್ ಜೋಡಿಸ್ಬೇಕು, ಇಲ್ಲಿನ ಬ್ಯಾಂಕ್ ಪರೀಕ್ಷೆ, ಕೊರಿಯರ್, ಅಲ್ಲಿನ ಬ್ಯಾಂಕ್ ಪರೀಕ್ಷೆ. ಯುಸಿಪಿ 600 (ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ) ಒಂದೊಂದು ಬ್ಯಾಂಕಿಗೂ ಗರಿಷ್ಠ ಐದು ಬ್ಯಾಂಕಿಂಗ್ ದಿನ ಕೊಡುತ್ತೆ. ಎರಡೂ ಬ್ಯಾಂಕು ಪೂರ್ತಿ ದಿನ ಬಳಸಿಕೊಂಡ್ರೆ ಅಲ್ಲಿಗೇ ಎರಡು ವಾರ. ಕಂಟೇನರ್ ಬಂದರಲ್ಲಿ ಕೂತು ಡೆಮರೇಜ್ (ತಡವಾದ್ದಕ್ಕೆ ದಂಡ) ತಿನ್ನುತ್ತೆ, ಕಾಗದ ಇನ್ನೂ ವಿಮಾನದಲ್ಲಿರುತ್ತೆ.

ಆದ್ರೆ ಒಂದು ಮಾತು. ಕೊಳ್ಳೋರು ಮಾರೋರು ಹಳೇ ಪರಿಚಯ, ಎಲ್‌ಸಿ ಇಲ್ಲ ಅಂದ್ರೆ ಸೀ ವೇಬಿಲ್ ತಗೊಳ್ಳಿ. ಒರಿಜಿನಲ್ ಒಪ್ಪಿಸೋ ತಾಪತ್ರಯನೇ ಇಲ್ಲ. ಟೆಲೆಕ್ಸ್ ರಿಲೀಸ್ ಕೂಡ ಇದೆ: ಒರಿಜಿನಲ್ ಸೆಟ್ ಇಲ್ಲೇ ಒಪ್ಪಿಸಿದ್ರೆ ಅಲ್ಲಿನ ಏಜೆಂಟ್‌ಗೆ ಸಂದೇಶ ಹೋಗುತ್ತೆ. ಸೀ ವೇಬಿಲ್ ಸಾಕಾಗೋ ಕಡೆ ಬ್ಲಾಕ್‌ಚೈನ್ ಮಾರೋದು ಸೊಳ್ಳೆ ಹೊಡೆಯೋಕೆ ಜೆಸಿಬಿ ತಂದ ಹಾಗೆ.

ಪೋಸ್ಟ್‌ಗ್ರೆಸ್_ಪ್ರಿಯ

"ಒಬ್ಬರ ಕೈಲಿ ಮಾತ್ರ" ಅನ್ನೋದಕ್ಕೆ ಚೈನ್ ಯಾಕೆ ಬೇಕು ಅಂತಲೇ ನನಗೆ ಅರ್ಥವಾಗಲ್ಲ. ಡಿಮ್ಯಾಟ್ ನೋಡಿ. 1996ರಿಂದ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ ಷೇರುಗಳನ್ನು ಒಂದು ಸಾಮಾನ್ಯ ಡೇಟಾಬೇಸ್‌ನಲ್ಲೇ ಇಟ್ಟಿದೆ. ಗೋದಾಮು ರಸೀದಿಗೂ ಅಷ್ಟೆ: ಡಬ್ಲ್ಯುಡಿಆರ್‌ಎ (ಗೋದಾಮು ನಿಯಂತ್ರಕ) ಕೆಳಗೆ ಇ-ಎನ್‌ಡಬ್ಲ್ಯುಆರ್ (ಕೈ ಬದಲಿಸಬಹುದಾದ ವಿದ್ಯುನ್ಮಾನ ಗೋದಾಮು ರಸೀದಿ), ಎನ್‌ಇಆರ್‌ಎಲ್ ಮತ್ತು ಸಿಸಿಆರ್‌ಎಲ್ ಎಂಬ ಎರಡು ರೆಪಾಸಿಟರಿ. ರೈತ ಅದನ್ನು ಅಡವಿಟ್ಟು ಸಾಲ ತೆಗೆಯಬಹುದು, ಮಾರಬಹುದು. ಒಂದು ಟೇಬಲ್, ಓನರ್ ಅಂತ ಒಂದು ಕಾಲಂ, ಒಂದು ಆಡಿಟ್ ಲಾಗ್. ಇಲ್ಲಿಗೆ ಮುಗಿಯಿತಲ್ಲ?

ಕರಾರು_ಕಣ್ಣು

ಎರಡೂ ಉದಾಹರಣೆ ಸರಿ. ಎರಡೂ ಒಂದೇ ದೇಶದ ಒಳಗಿನವು ಅನ್ನೋದನ್ನು ಮಾತ್ರ ಬಿಟ್ಟಿದ್ದೀರಿ. ಡಿಮ್ಯಾಟ್ ಹಿಂದೆ ಡಿಪಾಸಿಟರೀಸ್ ಕಾಯ್ದೆ ಇದೆ, ಸೆಬಿ ಇದೆ. ರಿಜಿಸ್ಟರ್‌ನಲ್ಲಿ ಬರೆದಿದ್ದೇ ಮಾಲೀಕತ್ವ ಅಂತ ಕಾನೂನೇ ಹೇಳುತ್ತೆ. ಬೆಂಗಳೂರು-ಸಿಂಗಪುರ-ಜಿನೋವಾ ನಡುವೆ ಆ ರಿಜಿಸ್ಟರ್ ಯಾರ ಮನೆಯಲ್ಲಿರಬೇಕು? ಹಡಗು ಕಂಪನಿಯದಾದರೆ ಬ್ಯಾಂಕ್ ಒಪ್ಪಲ್ಲ, ಒಂದು ಹಡಗು ಕಂಪನಿಯದಾದರೆ ಇನ್ನೊಂದು ಹಡಗು ಕಂಪನಿ ಒಪ್ಪಲ್ಲ.

ಟ್ರೇಡ್‌ಲೆನ್ಸ್ ಎಂಬ ಹಡಗು-ದಾಖಲೆ ಪ್ಲಾಟ್‌ಫಾರ್ಮ್ ಬಿದ್ದಿದ್ದನ್ನು ಹೀಗೇ ಓದಬೇಕು. ಹಡಗು ಕಂಪನಿ ಮರ್ಸ್ಕ್ ಮತ್ತು ಐಬಿಎಂ 2018ರಲ್ಲಿ ತಂದಿದ್ದು, ಫ್ಯಾಬ್ರಿಕ್ ಮೇಲೆ ಕಟ್ಟಿದ್ದು. ಎಂಎಸ್‌ಸಿ, ಸಿಎಂಎ ಸಿಜಿಎಂ ಎಂಬ ಬೇರೆ ಹಡಗು ಕಂಪನಿಗಳು ಸೇರಿದ ಮೇಲೂ 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂದರು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನೋದೇ ಅವರು ಕೊಟ್ಟ ಕಾರಣ. ಬ್ಯಾಂಕುಗಳ ಕಡೆಯ ಇಂಥದೇ ಪ್ಲಾಟ್‌ಫಾರ್ಮ್ ವಿ.ಟ್ರೇಡ್ 2022ರಲ್ಲಿ ಹೋಯಿತು. ಮಾರ್ಕೊ ಪೋಲೊ, ಕಾಂಟೂರ್ 2023ರಲ್ಲಿ. ಒಂದೂ ಕೋಡ್ ಕೆಟ್ಟು ಬಿದ್ದದ್ದಲ್ಲ.

ಲೆಡ್ಜರ್ ಇಲ್ಲದೆ ನಡೆಯಲ್ಲ ಅಂತಲೂ ಅಲ್ಲ. ಬೊಲೆರೊ ಎಂಬ ವಿದ್ಯುನ್ಮಾನ ಬಿಎಲ್ ವ್ಯವಸ್ಥೆ 1999ರಿಂದ ಇದೆ, ಕೇಂದ್ರ ರಿಜಿಸ್ಟ್ರಿ ಇಟ್ಟುಕೊಂಡೇ. ಅದರ ಉಪಾಯ ಕರಾರು: ಎಲ್ಲರೂ ಒಂದೇ ರೂಲ್‌ಬುಕ್‌ಗೆ ಸಹಿ ಹಾಕಿರಬೇಕು. ಸದಸ್ಯರಲ್ಲದ ಒಬ್ಬ ಕೊಳ್ಳುಗ ನಡುವೆ ಬಂದರೆ ಕಾಗದಕ್ಕೆ ಇಳಿಯಬೇಕು.

ರಾಗಿಮುದ್ದೆ_ಡೆವ್

ಹಾಗಾದರೆ ಕಾನೂನು ಈಗ ಎಲ್ಲಿದೆ? ಸಿಂಗಪುರದಲ್ಲಿ ಒಪ್ಪುತ್ತಾರೆ ಅಂತ ಕೇಳಿದ್ದೆ. ನಮ್ಮಲ್ಲಿ?

ಕರಾರು_ಕಣ್ಣು

ಮೂಲ ಮಾದರಿ ಅನ್‌ಸಿಟ್ರಾಲ್‌ನ (ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ) ಎಂಎಲ್‌ಇಟಿಆರ್, ಅಂದರೆ ಕೈ ಬದಲಿಸುವ ವಿದ್ಯುನ್ಮಾನ ದಾಖಲೆಗಳ ಮಾದರಿ ಕಾನೂನು, 2017. ಅದರ 10ನೇ ವಿಧಿ ಕೇಳೋದು ಇಷ್ಟು: ದಾಖಲೆ ಒಂದೇ ಒಂದು ಅಂತ ಗುರುತಿಸಲು ಬರಬೇಕು, ಹುಟ್ಟಿದಾಗಿನಿಂದ ಸಾಯುವ ತನಕ ಒಬ್ಬರ ನಿಯಂತ್ರಣಕ್ಕೆ ಒಳಪಡುವಂತಿರಬೇಕು, ತಿದ್ದಿಲ್ಲ ಅಂತ ತೋರಿಸಬೇಕು. ಕಾಗದಕ್ಕೆ ಕೈವಶ ಹೇಗೋ ಇದಕ್ಕೆ ನಿಯಂತ್ರಣ ಹಾಗೆ. ಬ್ಲಾಕ್‌ಚೈನ್ ಎಂಬ ಪದ ಅದರಲ್ಲಿಲ್ಲ, ವಿಶ್ವಾಸಾರ್ಹ ವಿಧಾನ ಯಾವುದಾದರೂ ಸರಿ.

ಬಹ್ರೇನ್ 2018ರಲ್ಲಿ, ಸಿಂಗಪುರ 2021ರಲ್ಲಿ ಇದನ್ನು ತಮ್ಮ ಕಾನೂನಿಗೆ ಸೇರಿಸಿಕೊಂಡವು. ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಟ್ರೇಡ್ ಡಾಕ್ಯುಮೆಂಟ್ಸ್ ಆಕ್ಟ್ ಜಾರಿಗೆ ಬಂದದ್ದು 20 ಸೆಪ್ಟೆಂಬರ್ 2023. ಅನೇಕ ಬಿಎಲ್‌ಗಳು ಇಂಗ್ಲಿಷ್ ಕಾನೂನಿಗೆ ಒಳಪಡುವುದರಿಂದ ಈ ಕೊನೆಯದಕ್ಕೇ ತೂಕ ಹೆಚ್ಚು.

ನಮ್ಮಲ್ಲಿ 1856ರ ಕಾಯ್ದೆಯ ಜಾಗಕ್ಕೆ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ 2025 ಬಂತು. ಭಾಷೆ ಹೊಸದು, ಆದರೆ ವಿದ್ಯುನ್ಮಾನ ಬಿಲ್‌ಗೆ ಅಂತ ಪ್ರತ್ಯೇಕ ವಿಧಿ ಇಲ್ಲ. ಕೈಗೆ ಬಂದ ಅವಕಾಶ ಬಿಟ್ಟರು ಅನ್ನೋದು ನನ್ನ ಅಭಿಪ್ರಾಯ. ಐಟಿ ಕಾಯ್ದೆ 2000ರ ಮೊದಲ ಅನುಸೂಚಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್‌ಗಳನ್ನು (ಕೈ ಬದಲಿಸಬಹುದಾದ ಹಣದ ಪತ್ರಗಳು), ಚೆಕ್ ಬಿಟ್ಟು, ಹೊರಗಿಡುತ್ತೆ. ಆದರೆ 1881ರ ಕಾಯ್ದೆಯ ವ್ಯಾಖ್ಯೆಯಲ್ಲಿ ಅವೆಂದರೆ ಪ್ರಾಮಿಸರಿ ನೋಟ್, ಬಿಲ್ ಆಫ್ ಎಕ್ಸ್‌ಚೇಂಜ್, ಚೆಕ್, ಮೂರೇ. ಬಿಎಲ್ ಅದರಲ್ಲಿಲ್ಲ. ಅಂದರೆ ನಿಷೇಧವೂ ಇಲ್ಲ, ನಿಯಂತ್ರಣವನ್ನು ಕೈವಶಕ್ಕೆ ಸಮ ಮಾಡುವ ಆಧಾರವೂ ಇಲ್ಲ.

ಬಿಲ್ ಆಫ್ ಎಕ್ಸ್‌ಚೇಂಜ್‌ಗೆ 2022ರ ಸೆಪ್ಟೆಂಬರ್ ತಿದ್ದುಪಡಿ ಸಣ್ಣ ಕಿಂಡಿ ತೆರೆಯಿತು: ಆರ್‌ಬಿಐ, ಸೆಬಿಯಂಥ ನಿಯಂತ್ರಕರ ಅಡಿಯ ಸಂಸ್ಥೆಯ ಹೆಸರಿಗೆ ಬರೆದ ಅಥವಾ ಅಂಥ ಸಂಸ್ಥೆ ಎಂಡಾರ್ಸ್ ಮಾಡಿದ ಬಿಲ್ ವಿದ್ಯುನ್ಮಾನವಾಗಿರಬಹುದು. ಬಿಲ್ಲನ್ನು ನಿಮ್ಮ ಬ್ಯಾಂಕಿನ ಹೆಸರಿಗೇ ಬರೆಯಿರಿ.

ಪೈಲಟ್‌ಗೆ: ಬಿಎಲ್‌ನಲ್ಲಿ ಇಂಗ್ಲಿಷ್ ಅಥವಾ ಸಿಂಗಪುರ ಕಾನೂನು ಅಂತ ಬರೆಸಿ. ರಫ್ತಿನಲ್ಲಿ ಒರಿಜಿನಲ್ ಒಪ್ಪಿಸುವುದು ಅಲ್ಲಿ, ಜಗಳವಾದರೂ ಬಹುತೇಕ ಅಲ್ಲೇ. ಆಮದಿಗಿಂತ ರಫ್ತಿನಲ್ಲಿ ಶುರು ಮಾಡೋದು ಜಾಣತನ.

ಹ್ಯಾಶ್‌ಹುಳಿ

ಸಿಂಗಪುರ ಅಂದಮೇಲೆ ಟ್ರೇಡ್‌ಟ್ರಸ್ಟ್ ನೋಡಿ, ಅಲ್ಲಿನ ಸರ್ಕಾರಿ ಸಂಸ್ಥೆ ಐಎಂಡಿಎಯ ಓಪನ್ ಸೋರ್ಸ್ ಚೌಕಟ್ಟು. ಇದು ಪ್ಲಾಟ್‌ಫಾರ್ಮ್ ಅಲ್ಲ, ಲೈಬ್ರರಿ. ಸದಸ್ಯತ್ವದ ಗೊಡವೆ ಇಲ್ಲ. ಫ್ಯಾಬ್ರಿಕ್ ಬೇಡ, ಎಥೀರಿಯಂ ಬಗೆಯ ಚೈನ್ ಬೇಕು. ಪಾಲಿಗಾನ್, ಎಕ್ಸ್‌ಡಿಸಿ ಮೇಲೂ ಓಡುತ್ತೆ, ಅಲ್ಲಿ ಗ್ಯಾಸ್ (ವಹಿವಾಟಿನ ಶುಲ್ಕ) ಖರ್ಚು ಕಮ್ಮಿ.

ನಡೆಯೋದು ಹೀಗೆ. ಹಡಗು ಕಂಪನಿ ಒಂದು ಟೋಕನ್ ರಿಜಿಸ್ಟ್ರಿ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಇಡುತ್ತೆ, ತನ್ನ ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ವೆಬ್ ವಿಳಾಸದ ಸಾರ್ವಜನಿಕ ದಾಖಲೆ) ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಿ "ಈ ವಿಳಾಸ ನನ್ನದು" ಅನ್ನುತ್ತೆ. ಬಿಎಲ್ ಹೊರಟಾಗ ದಾಖಲೆಯ ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿದ ಬೆರಳಚ್ಚು) ಮೇಲೆ ಒಂದು ಇಆರ್‌ಸಿ-721 ಟೋಕನ್ (ಒಂದೇ ಒಂದಾದ ಡಿಜಿಟಲ್ ಗುರುತು) ಹುಟ್ಟುತ್ತೆ, ಅದು ಟೈಟಲ್ ಎಸ್ಕ್ರೋ ಎಂಬ ಪುಟ್ಟ ಕಾಂಟ್ರಾಕ್ಟ್ ಒಳಗೆ ಕೂರುತ್ತೆ. ಎಸ್ಕ್ರೋದಲ್ಲಿ ಎರಡು ಹೆಸರು: ಓನರ್, ಹೋಲ್ಡರ್. ಕೊರಿಯರ್ ಮಾಡಿದಂತೆ ಕೈ ಬದಲಿಸಲು ಹೋಲ್ಡರ್ ಒಬ್ಬರೇ ಸಾಕು. ಮಾಲೀಕತ್ವ ಬದಲಿಸಲು ಓನರ್ ಹೊಸಬರನ್ನು ನಾಮಿನೇಟ್ ಮಾಡಬೇಕು, ಹೋಲ್ಡರ್ ಅದನ್ನು ಎಂಡಾರ್ಸ್ ಮಾಡಬೇಕು. ಬ್ಯಾಂಕಿಗೆ ಇದು ಅನುಕೂಲ, ದುಡ್ಡು ಬರೋ ತನಕ ಹೋಲ್ಡರ್ ಆಗಿ ಕೂತಿರಬಹುದು. ಕೊನೆಗೆ ಓನರ್, ಹೋಲ್ಡರ್ ಎರಡೂ ಒಂದೇ ವಿಳಾಸವಾದಾಗ ಹಡಗು ಕಂಪನಿಗೆ ಒಪ್ಪಿಸೋದು. ಅವರು ಒಪ್ಪಿದರೆ ಟೋಕನ್ ಸುಡುತ್ತೆ, ತಿರಸ್ಕರಿಸಿದರೆ ವಾಪಸ್ ಬರುತ್ತೆ.

ಕೆಡೋದು ಎಲ್ಲಿ ಅಂದರೆ:

ತಪ್ಪು ವಿಳಾಸಕ್ಕೆ ದಾಟಿಸೋದು. ಹಳೆಯ ಆವೃತ್ತಿಗಳಲ್ಲಿ ಪಡೆದವರು ಮತ್ತೆ ದಾಟಿಸಿದರಷ್ಟೇ ಗತಿ. 5ನೇ ಆವೃತ್ತಿಯಲ್ಲಿ ತಿರಸ್ಕರಿಸುವ ಫಂಕ್ಷನ್ ಇದೆ. ಇಬ್ಬರೂ ಪರಿಶೀಲಿಸಿದ ವಿಳಾಸಗಳ ಪುಸ್ತಕ ಇಟ್ಟುಕೊಳ್ಳಿ, ಕಾಪಿ-ಪೇಸ್ಟ್ ನಂಬಬೇಡಿ.

ಕೀ (ಟೋಕನ್ ದಾಟಿಸುವ ರಹಸ್ಯ ಸಂಖ್ಯೆ) ಕಳೆದುಕೊಳ್ಳೋದು. ರಫ್ತುದಾರರ ಕಚೇರಿಯಲ್ಲಿ ಒಬ್ಬರ ಲ್ಯಾಪ್‌ಟಾಪಿನ ಬ್ರೌಸರ್ ವಾಲೆಟ್‌ನಲ್ಲಿ ಕೀ ಇದ್ದರೆ, ಆ ಲ್ಯಾಪ್‌ಟಾಪ್ ಕೆಟ್ಟ ದಿನ 19.2 ಟನ್ ಕಾಫಿ ಸಮುದ್ರದಲ್ಲಿ ಅನಾಥ. ಎಚ್‌ಎಸ್‌ಎಂ (ಕೀ ಕಾಪಾಡುವ ಸಾಧನ) ಇಡಿ, ಇಲ್ಲವೇ ಮೂವರಲ್ಲಿ ಇಬ್ಬರ ಸಹಿ ಬೇಕಾದ ಮಲ್ಟಿಸಿಗ್.

ಡೊಮೇನ್ ನವೀಕರಿಸೋದು ಮರೆತರೆ ಟೋಕನ್ ಇದ್ದೂ ಪರಿಶೀಲನೆ ಫೇಲ್.

ಕರಡನ್ನು ಚೈನ್‌ಗೆ ಹಾಕೋದು. ಬೇಡವೇ ಬೇಡ. ಕನ್‌ಸೈನಿ (ಸರಕು ಪಡೆಯುವವರು) ಹೆಸರಲ್ಲಿ ಒಂದಕ್ಷರ ತಿದ್ದಿದರೂ ಹಳೆಯದನ್ನು ಒಪ್ಪಿಸಿ, ಸುಟ್ಟು, ಹೊಸದು ಹುಟ್ಟಿಸಬೇಕು. ಕರಡು ಇಮೇಲಲ್ಲೇ ಮುಗಿಯಲಿ.

ರಾಗಿಮುದ್ದೆ_ಡೆವ್

ಹ್ಯಾಶ್ ವಿಷಯಕ್ಕೇ ಬಂದೆ. ಒಂದೇ ಡೇಟಾ, ಎರಡು ಕಡೆ ಎರಡು ಹ್ಯಾಶ್ ಬರ್ತಿದೆ. ಪಿಡಿಎಫ್ ಬಿಟ್ಟು ಜೆಸಾನ್ (ಹೆಸರು-ಮೌಲ್ಯ ಜೋಡಿಗಳ ಡೇಟಾ ಪಠ್ಯ) ಮಾಡಿದ ಮೇಲೂ.

ಹ್ಯಾಶ್‌ಹುಳಿ

ಪಿಡಿಎಫ್ ಬಿಟ್ಟಿದ್ದು ಒಳ್ಳೇದಾಯ್ತು. ಮತ್ತೆ ಜನರೇಟ್ ಮಾಡಿದಾಗೆಲ್ಲ ಅದರೊಳಗಿನ ಸೃಷ್ಟಿ ಸಮಯ ಬದಲಾಗುತ್ತೆ, ಹ್ಯಾಶ್ ಕೂಡ. ಜೆಸಾನ್‌ನಲ್ಲಿ ಮೊದಲು ಕೀಗಳ (ಇಲ್ಲಿ ಫೀಲ್ಡ್ ಹೆಸರುಗಳು) ಕ್ರಮ, ಖಾಲಿ ಜಾಗ ನೋಡಿ. ಆರ್‌ಎಫ್‌ಸಿ 8785 (ಜೆಸಾನನ್ನು ಒಂದೇ ರೂಪಕ್ಕೆ ತರುವ ನಿಯಮ) ಹಾಕಿದರೆ ಅದು ಸರಿಹೋಗುತ್ತೆ. ತೂಕವನ್ನು ಸಂಖ್ಯೆಯಾಗಿ ಇಟ್ಟರೆ 19200.00 ಹೋಗಿ 19200 ಆಗುತ್ತೆ. ಎಲ್‌ಸಿಯಲ್ಲಿ ದಶಮಾಂಶ ಸಮೇತ ಬೇಕು ಅಂದರೆ ಸ್ಟ್ರಿಂಗ್ ಆಗಿ ಇಡಿ.

ಕನ್ನಡ ಪಠ್ಯ ಏನಾದರೂ ಇದೆಯಾ?

ರಾಗಿಮುದ್ದೆ_ಡೆವ್

ಇದೆ. ತೋಟದ ಮೂಲ ತೋರಿಸೋಕೆ ಪಹಣಿಯಿಂದ ಊರು, ಹೋಬಳಿ ಹೆಸರು ಕನ್ನಡದಲ್ಲೇ ತಗೊಂಡಿದ್ದೀವಿ.

ಹ್ಯಾಶ್‌ಹುಳಿ

ಸಿಕ್ಕಿತು ನೋಡಿ. "ಕೊಡಗು" ಬರೆಯೋಕೆ ಯೂನಿಕೋಡ್‌ನಲ್ಲಿ ಎರಡು ದಾರಿ. ಒತ್ವದ ಚಿಹ್ನೆ ಒಂದೇ ಕೋಡ್ ಆಗಿರಬಹುದು, ಅಥವಾ ಎತ್ವ ಮತ್ತು ಊಕಾರದ ಚಿಹ್ನೆ ಎರಡು ಕೋಡ್ ಅಕ್ಕಪಕ್ಕ ಕೂತಿರಬಹುದು. ತೆರೆಯ ಮೇಲೆ ಕೂದಲೆಳೆ ವ್ಯತ್ಯಾಸ ಕಾಣಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಮೂರು ಬೈಟ್, ಆದ್ದರಿಂದ ಮೊದಲನೆಯದು 15 ಬೈಟ್, ಎರಡನೆಯದು 18. ಓತ್ವಕ್ಕೆ ಇನ್ನೂ ಒಂದು ಕೋಡ್ ಜಾಸ್ತಿ, "ಕೋಲಾರ"ವೂ ಹೀಗೇ ಕೈ ಕೊಡುತ್ತೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿದಾಗ ಬಿಡಿಸಿದ ರೂಪ ನುಸುಳಬಹುದು. ಜೊತೆಗೆ ಅರ್ಕಾವತ್ತು ಸರಿಪಡಿಸಲು ಹಾಕಿದ ಅದೃಶ್ಯ ಜೋಡಕಗಳು.

ಆರ್‌ಎಫ್‌ಸಿ 8785 ಇದನ್ನು ಸರಿಮಾಡಲ್ಲ, ಸ್ಟ್ರಿಂಗ್ ಒಳಗೆ ಅದು ಕೈ ಹಾಕೋದೇ ಇಲ್ಲ. ಹ್ಯಾಶ್‌ಗೆ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಬಿಡಿ ಚಿಹ್ನೆಗಳನ್ನು ಒಂದೇ ಕೋಡ್‌ಗೆ ಕೂಡಿಸೋ ಯೂನಿಕೋಡ್ ವಿಧಾನ ಅದು. ಜೋಡಕಗಳನ್ನು ಎನ್‌ಎಫ್‌ಸಿ ಮುಟ್ಟಲ್ಲ, ಅದಕ್ಕೆ ಪ್ರತ್ಯೇಕ ನಿಯಮ ಬರೆದುಕೊಳ್ಳಿ. ಇಡೀ ಪೈಲಟ್‌ನಲ್ಲಿ ಬೆಂಗಳೂರಿನವರಷ್ಟೇ ಹಿಡಿಯಬಲ್ಲ ಬಗ್ ಇದು :)

ಇನ್ನೊಂದು: ಪ್ರತಿ ಫೀಲ್ಡ್‌ಗೂ ಬೇರೆ ಬೇರೆ ಯಾದೃಚ್ಛಿಕ ಉಪ್ಪು (ಸಾಲ್ಟ್, ಊಹಿಸಲಾಗದ ಹೆಚ್ಚುವರಿ ಅಕ್ಷರಗಳು) ಬೆರೆಸಿಯೇ ಹ್ಯಾಶ್ ಮಾಡಿ. "320 ಚೀಲ" ಎಂಬುದರ ಬರೀ ಹ್ಯಾಶನ್ನು ಯಾರಾದರೂ 1ರಿಂದ 1000ದ ತನಕ ಪ್ರಯತ್ನಿಸಿ ಕ್ಷಣದಲ್ಲಿ ಒಡೆಯುತ್ತಾರೆ. ಪಬ್ಲಿಕ್ ಚೈನ್‌ಗೆ ಹೋದದ್ದು ಅಳಿಸಲು ಬರಲ್ಲ. ಬೆಳೆಗಾರರ ಹೆಸರು, ಸರ್ವೆ ನಂಬರ್ ಯಾವ ರೂಪದಲ್ಲೂ ಚೈನ್‌ಗೆ ಬೇಡ.

ನೋಡ್_ಕಾವಲುಗಾರ

ಬ್ಯಾಂಕುಗಳ ಒಳಗಿನ ಕೆಲಸಕ್ಕೆ ಹೇಗೂ ಫ್ಯಾಬ್ರಿಕ್ ಕೇಳ್ತಾರೆ, ಅದರ ಬಗ್ಗೆ ಒಂದೆರಡು ಮಾತು.

ಸರ್ಟಿಫಿಕೇಟ್ ಅವಧಿ. ಫ್ಯಾಬ್ರಿಕ್ ಸಿಎ (ಗುರುತಿನ ಸರ್ಟಿಫಿಕೇಟ್ ಕೊಡುವ ಸರ್ವರ್) ಡೀಫಾಲ್ಟ್ ಆಗಿ ಕೊಡೋ ಎನ್‌ರೋಲ್‌ಮೆಂಟ್ ಸರ್ಟಿಫಿಕೇಟ್ 8760 ಗಂಟೆ, ಅಂದರೆ ಸರಿಯಾಗಿ ಒಂದು ವರ್ಷ. ಎಲ್ಲ ಆರ್ಡರರ್‌ಗಳನ್ನೂ (ವಹಿವಾಟಿನ ಕ್ರಮ ನಿರ್ಧರಿಸುವ ಸರ್ವರ್‌ಗಳು) ಒಂದೇ ದಿನ ಎಬ್ಬಿಸಿದ್ದರೆ ಮುಂದಿನ ವರ್ಷ ಅದೇ ದಿನ ಎಲ್ಲವೂ ಒಟ್ಟಿಗೆ ಮಲಗ್ತವೆ. ರಾಫ್ಟ್‌ನಲ್ಲಿ (ಬಹುಮತದಿಂದ ಒಪ್ಪುವ ವಿಧಾನ) ಐದು ಆರ್ಡರರ್ ಇದ್ದರೆ ಎರಡು ಬಿದ್ದರೆ ತಡೆಯುತ್ತೆ, ಐದೂ ಬಿದ್ದರೆ ಯಾರೂ ಕಾಪಾಡಲ್ಲ. 90 ದಿನ ಮುಂಚೆ ಅಲಾರಂ, ಒಂದೊಂದಾಗಿ ಬದಲಾವಣೆ.

ಪ್ರೈವೇಟ್ ಡೇಟಾ ಕಲೆಕ್ಷನ್. ಚೈನ್‌ಗೆ ಹ್ಯಾಶ್ ಮಾತ್ರ ಹೋಗುತ್ತೆ, ಅಸಲು ಡೇಟಾ ಅಧಿಕಾರ ಇರೋ ಪಿಯರ್‌ಗಳಲ್ಲಿ (ಸದಸ್ಯರ ಸರ್ವರ್‌ಗಳು). ಅಗತ್ಯ ಪಿಯರ್ ಸಂಖ್ಯೆಯನ್ನು 0 ಅಂತ ಬಿಟ್ಟರೆ, ವಹಿವಾಟನ್ನು ಎಂಡಾರ್ಸ್ ಮಾಡಿದ (ಇಲ್ಲಿ, ಅನುಮೋದಿಸಿದ) ಪಿಯರ್ ಹಂಚುವ ಮೊದಲೇ ಬಿದ್ದಾಗ ಹ್ಯಾಶ್ ಉಳಿದು ಡೇಟಾ ಹೋಗುತ್ತೆ. ಕನಿಷ್ಠ 1 ಇಡಿ.

ಇಬ್ಬರು ಗುಮಾಸ್ತರು ಒಂದೇ ಬಿಎಲ್ ಕೀ ಮೇಲೆ ಒಂದೇ ಬ್ಲಾಕ್‌ನಲ್ಲಿ ಬರೆದರೆ ಎರಡನೆಯದು ಎಂವಿಸಿಸಿ ಓದು ಸಂಘರ್ಷ (ಓದಿದ ಮೇಲೆ ಮೌಲ್ಯ ಬದಲಾಗಿದೆ) ಅಂತ ರದ್ದಾಗುತ್ತೆ. ಅದು ಬ್ಲಾಕ್ ಒಳಗೆ ಇರುತ್ತೆ, ಸ್ಥಿತಿ ಮಾತ್ರ ಬದಲಾಗಿರಲ್ಲ. ಸಬ್‌ಮಿಟ್ ಆಯ್ತು ಅಂತ ಹಸಿರು ಗುರುತು ತೋರಿಸಬೇಡಿ, ಕಮಿಟ್ ಸ್ಥಿತಿ ಬಂದ ಮೇಲೆ ತೋರಿಸಿ.

ಹೊಸದೇನಲ್ಲ ಇದೆಲ್ಲ. 2016ರ ಅಕ್ಟೋಬರ್‌ನಲ್ಲೇ ಐಸಿಐಸಿಐ ಬ್ಯಾಂಕ್ ಮತ್ತು ಎಮಿರೇಟ್ಸ್ ಎನ್‌ಬಿಡಿ ನಡುವಿನ ಪ್ರಯೋಗಕ್ಕೆ ಚೌಕಟ್ಟು ಹೋಗಿದ್ದು ನಮ್ಮೂರಿನ ಇನ್ಫೋಸಿಸ್ ಅಂಗಸಂಸ್ಥೆ ಎಡ್ಜ್‌ವರ್ವ್‌ನಿಂದ. ಕಾಫಿ ಬೋರ್ಡ್ ಕೂಡ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಮಾರುಕಟ್ಟೆಯ ಪೈಲಟ್ ಶುರು ಮಾಡಿತ್ತು.

ವೈಟ್‌ಫೀಲ್ಡ್_ಗೇಟ್2

ಪ್ರಯೋಗ ಅಲ್ಲ, ದಿನನಿತ್ಯ ನಡೀತಿರೋದು ಬೇಕಾ? ಈಜಿಪ್ಟ್. 2021ರ ಅಕ್ಟೋಬರ್ 1ರಿಂದ ಸಮುದ್ರದ ಸರಕಿಗೆ ಎಸಿಐ (ಸರಕಿನ ಮುಂಗಡ ಮಾಹಿತಿ) ಕಡ್ಡಾಯ. ಅಲ್ಲಿನ ಆಮದುದಾರ ನಫೇಝಾ ಪೋರ್ಟಲ್‌ನಲ್ಲಿ 19 ಅಂಕಿಯ ಎಸಿಐಡಿ ನಂಬರ್ ತಗೋತಾನೆ, ನಾವು ಕಾರ್ಗೋಎಕ್ಸ್ ಎಂಬ ಪ್ಲಾಟ್‌ಫಾರ್ಮ್ ಮೂಲಕ ದಾಖಲೆ ಕಳಿಸ್ತೀವಿ. ಅದರ ಕೆಳಗೆ ಓಡೋದು ಎಥೀರಿಯಂ ಬಗೆಯ ಪಬ್ಲಿಕ್ ಚೈನ್. ಇಲ್ಲಿಂದ ಕಳಿಸೋ ಎಷ್ಟೋ ಜನಕ್ಕೆ ಬ್ಲಾಕ್‌ಚೈನ್ ಬಳಸ್ತಿದ್ದೀವಿ ಅಂತಲೇ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ.

ಎಡವೋದು ಸಣ್ಣದರಲ್ಲಿ. ಆಮದುದಾರ ನಂಬರ್ ತಗೊಳ್ಳೋವಾಗ ರಫ್ತುದಾರನ ಗುರುತು ಅಂತ ಜಿಎಸ್‌ಟಿಐಎನ್ (ಜಿಎಸ್‌ಟಿ ನಂಬರ್) ಹಾಕಿರ್ತಾನೆ, ಕಾರ್ಗೋಎಕ್ಸ್ ಖಾತೆ ಐಇಸಿ (ಆಮದು-ರಫ್ತು ಕೋಡ್) ಮೇಲೆ ತೆರೆದಿರುತ್ತೆ. ಎರಡೂ ತಾಳೆ ಆಗಲ್ಲ, ಕಳಿಸೋಕಾಗಲ್ಲ. ಶಿಪ್ಪಿಂಗ್ ಇನ್‌ಸ್ಟ್ರಕ್ಷನ್ ಕೊಡೋ ಮುಂಚೆಯೇ ಯಾವ ಗುರುತು ಅಂತ ಒಂದು ಸಾಲು ಬರೆದು ಒಪ್ಪಿಸ್ಕೊಳ್ಳಿ. ನಂಬರ್ ಇನ್‌ವಾಯ್ಸ್, ಬಿಎಲ್ ಎರಡರ ಮೇಲೂ ಇರ್ಬೇಕು.

ಎಲ್‌ಸಿ_ಡೆಸ್ಕ್

ನಿಮ್ಮ ಪೈಲಟ್‌ಗೆ ತಂತ್ರಜ್ಞಾನಕ್ಕಿಂತ ಮೊದಲು ಎಲ್‌ಸಿಯ ಪಠ್ಯ ಬದಲಾಗಬೇಕು. ಯುಸಿಪಿ 600 ಜೊತೆ ಇಯುಸಿಪಿ (ವಿದ್ಯುನ್ಮಾನ ದಾಖಲೆಗೆ ಅದರ ಪೂರಕ ನಿಯಮ) ಅನ್ವಯ ಅಂತ ಎಲ್‌ಸಿಯಲ್ಲೇ ಬರೆಸಿ, ಆವೃತ್ತಿ ಸಮೇತ. ಯಾವ ಫಾರ್ಮ್ಯಾಟ್, ಎಲ್ಲಿಗೆ ಪ್ರೆಸೆಂಟೇಶನ್ (ಬ್ಯಾಂಕಿಗೆ ದಾಖಲೆ ಸಲ್ಲಿಕೆ) ಅನ್ನೋದೂ ಇರಬೇಕು. "ಮೂರಕ್ಕೆ ಮೂರು ಒರಿಜಿನಲ್" ಎಂಬ ಸಾಲು ಹಾಗೇ ಉಳಿದಿದ್ದರೆ ನಿಮ್ಮ ಟೋಕನ್ ಡಿಸ್ಕ್ರೆಪೆನ್ಸಿ, ಅಂದರೆ ಎಲ್‌ಸಿಗೆ ತಾಳೆಯಾಗದ ದಾಖಲೆ.

ಎಲ್ಲ ಕಳಿಸಿದ ಮೇಲೆ ರಫ್ತುದಾರ "ಪೂರ್ಣಗೊಂಡಿದೆ" ಎಂಬ ಸೂಚನೆ ಕೊಡಬೇಕು. ಅದು ತಲುಪದಿದ್ದರೆ ಪ್ರೆಸೆಂಟೇಶನ್ ಆಗಿಲ್ಲ ಅಂತಲೇ ಲೆಕ್ಕ, ಬ್ಯಾಂಕಿನ ಐದು ದಿನ ಶುರುವೇ ಆಗಲ್ಲ. ನಿಮ್ಮ ಆ್ಯಪ್‌ನಲ್ಲಿ ಇದಕ್ಕೊಂದು ಬಟನ್ ಇದೆಯಾ? ಇಲ್ಲದಿದ್ದರೆ ಇವತ್ತೇ ಹಾಕಿ.

ನಡುವೆ ಕಾಗದಕ್ಕೆ ಇಳಿಯುವ ದಾರಿಯನ್ನೂ ಬರೆದಿಡಿ. ಕ್ರಮ ಮುಖ್ಯ: ಟೋಕನ್ ಒಪ್ಪಿಸೋದು, ಸುಡೋದು, ಸುಟ್ಟದ್ದು ಖಚಿತವಾದ ಮೇಲೆ ಮೂರು ಒರಿಜಿನಲ್ ಮುದ್ರಣ, ಅದರ ಮೇಲೆ "ವಿದ್ಯುನ್ಮಾನ ದಾಖಲೆಯ ಬದಲಿಗೆ" ಎಂಬ ಸಾಲು. ಮುದ್ರಿಸಿ ಆಮೇಲೆ ಸುಡೋಣ ಅಂದರೆ ಆ ಅರ್ಧ ಗಂಟೆ ಒಂದೇ ಸರಕಿಗೆ ಇಬ್ಬರು ಹಕ್ಕುದಾರರು.

ರಾಗಿಮುದ್ದೆ_ಡೆವ್

ಬಟನ್ ಇಲ್ಲ, ಹಾಕ್ತೀನಿ. ಹಾಗಾದರೆ: ಬಿಎಲ್ ಮಾತ್ರ ಟ್ರೇಡ್‌ಟ್ರಸ್ಟ್ ಟೋಕನ್, ಬಿಲ್ ಆಫ್ ಎಕ್ಸ್‌ಚೇಂಜ್ ಬ್ಯಾಂಕಿನ ಹೆಸರಿಗೆ ಬೇರೆಯಾಗಿ, ಉಳಿದವು ಸಹಿ ಹಾಕಿದ ಜೆಸಾನ್. ಫ್ಯಾಬ್ರಿಕ್ ಸದ್ಯಕ್ಕೆ ಇಲ್ಲ. ಕೊನೇ ಪ್ರಶ್ನೆ: ಶಿಪ್ಡ್ ಆನ್ ಬೋರ್ಡ್ (ಸರಕು ಹಡಗೇರಿದ) ದಿನಾಂಕಕ್ಕೆ ಬ್ಲಾಕ್‌ನ ಟೈಮ್‌ಸ್ಟ್ಯಾಂಪನ್ನೇ ತಗೊಳ್ಳಬಹುದಾ?

ಎಲ್‌ಸಿ_ಡೆಸ್ಕ್

ಬೇಡ. ಎಲ್‌ಸಿಯಲ್ಲಿ ಕೊನೆಯ ಶಿಪ್‌ಮೆಂಟ್ ದಿನ ಅಕ್ಟೋಬರ್ 31 ಅಂದುಕೊಳ್ಳಿ. ಚೆನ್ನೈಯಲ್ಲಿ ಕಂಟೇನರ್ ಹಡಗೇರಿದ್ದು ನವೆಂಬರ್ 1ರ ಬೆಳಗಿನ ಜಾವ 2 ಗಂಟೆಗೆ. ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಅದು ಅಕ್ಟೋಬರ್ 31ರ ರಾತ್ರಿ 8:30. ಸಿಸ್ಟಂ ಯುಟಿಸಿಯಿಂದ ದಿನಾಂಕ ಕತ್ತರಿಸಿಕೊಂಡರೆ ಬಿಎಲ್ ಮೇಲೆ 31 ಅಂತ ಬರುತ್ತೆ, ಅದಕ್ಕೆ ಬ್ಯಾಕ್‌ಡೇಟಿಂಗ್ ಅಂತಾರೆ, ವಂಚನೆಯ ಕೇಸ್. ಉಲ್ಟಾ ಕೂಡ: ಸರಕು 29ಕ್ಕೇ ಏರಿದ್ದು, ಟೋಕನ್ ಹುಟ್ಟಿದ್ದು 2ಕ್ಕೆ ಅಂದರೆ ಸುಮ್ಮನೆ ಎಲ್‌ಸಿ ತಪ್ಪಿಸಿಕೊಳ್ತೀರಿ.

ದಿನಾಂಕವನ್ನು ಹಡಗು ಕಂಪನಿ ಬರೆದ ಸ್ಟ್ರಿಂಗ್ ಆಗಿಯೇ ಇಡಿ, ಲೋಡ್ ಆದ ಬಂದರಿನ ಸ್ಥಳೀಯ ದಿನ. ಬ್ಲಾಕ್ ಸಮಯ ಟೋಕನ್ ಯಾವಾಗ ಹುಟ್ಟಿತು ಅಂತ ಮಾತ್ರ ಹೇಳುತ್ತೆ.

ವೈಟ್‌ಫೀಲ್ಡ್_ಗೇಟ್2

ಮತ್ತೆ ವೈಟ್‌ಫೀಲ್ಡ್‌ನಲ್ಲಿ ರೈಲು ಹತ್ತಿದ ದಿನಾನ ಆನ್ ಬೋರ್ಡ್ ಅಂತ ತುಂಬಿಸ್ಬೇಡಿ. ಐಸಿಡಿಯಲ್ಲಿ ಸಿಗೋದು ರಿಸೀವ್ಡ್ ಬಿಎಲ್, ಸರಕು ಕೈಗೆ ಬಂದಿದೆ ಅನ್ನೋದು ಮಾತ್ರ. ಹಡಗಿನ ಹೆಸರು, ದಿನಾಂಕದ ಆನ್ ಬೋರ್ಡ್ ನೋಟೇಶನ್ ಚೆನ್ನೈಯಲ್ಲಿ ಆಮೇಲೆ ಬೀಳುತ್ತೆ. ಟೋಕನ್ ಅದಾದ ಮೇಲೇ ಹುಟ್ಟಿಸಿ.

ರಾಗಿಮುದ್ದೆ_ಡೆವ್

ನಮ್ಮ ಸ್ಕೀಮಾದಲ್ಲಿ ರಿಸೀವ್ಡ್, ಆನ್ ಬೋರ್ಡ್ ದಿನಾಂಕ ಎರಡಕ್ಕೂ ಒಂದೇ ಫೀಲ್ಡ್ ಇದೆ. ಈಗಲೇ ಒಡೀತೀನಿ.